ಆಪತ್ಕಾಲಕ್ಕೆ ಅಡುಗೆ ಅನಿಲ: ಎಷ್ಟು, ಎಲ್ಲಿ, ಹೇಗೆ?

ಮಳವಳ್ಳಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅದರ ಸಾರಾಂಶ ಇಷ್ಟು: ‘ನಮ್ಮ ಮನೆಯಲ್ಲಿ ಐದು ಜನ. ತಾಯಿಗೆ ಎಪ್ಪತ್ತು ದಾಟಿದೆ, ಅಸ್ತಮಾ ಇದೆ. ಮೊಮ್ಮಗುವಿಗೆ ಒಂದೂವರೆ ವರ್ಷ. 2023ರ ಕಾವೇರಿ ಹೋರಾಟದ ದಿನಗಳಲ್ಲಿ ಇದ್ದ ಒಂದು ಸಿಲಿಂಡರ್ ಮುಗಿದುಹೋಗಿ ಬಹಳ ಪರದಾಡಿದೆವು. ಅಂದಿನಿಂದ ಮುನ್ನೆಚ್ಚರಿಕೆಯಾಗಿ ಇನ್ನೆರಡು ತುಂಬಿದ ಸಿಲಿಂಡರ್‌ಗಳನ್ನು ತಂದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಟ್ಟು ಬೀಗ ಹಾಕಿದ್ದೇವೆ. ಒಂದು ಭಾವಮೈದನದು. ಇದು ಸರಿಯೇ? ಗ್ಯಾಸಿನ ವಿಷಯವನ್ನು ಡಾಕ್ಟರನ್ನು ಕೇಳುವುದೇ ಎಂದು ನಗಬೇಡಿ.’

ಇದು ನಗುವ ವಿಷಯವಲ್ಲ. ಗ್ಯಾಸ್ ಇಲ್ಲದೆ ಕಷ್ಟಪಟ್ಟವರೂ, ಗ್ಯಾಸನ್ನು ತಪ್ಪಾಗಿ ಇಟ್ಟುಕೊಂಡು ಕಷ್ಟಪಟ್ಟವರೂ ಕೊನೆಗೆ ಬರುವುದು ವೈದ್ಯರ ಬಳಿಗೇ. ಮದ್ದೂರಿನಲ್ಲಿ ರೋಗಿಗಳನ್ನು ನೋಡುವ ನಾನು ಈ ಎರಡು ಬಗೆಯವರನ್ನೂ ನೋಡಿದ್ದೇನೆ. ಆದ್ದರಿಂದ ಈ ವಾರದ ಅಂಕಣವನ್ನು ಈ ಪ್ರಶ್ನೆಗೇ ಮೀಸಲಿಡುತ್ತೇನೆ.

ಇಬ್ಬರು ರೋಗಿಗಳು

ಮೊದಲನೆಯವರು ಹತ್ತಿರದ ಹಳ್ಳಿಯ ಒಬ್ಬ ಅಜ್ಜಿ. ಬಂದ್ ಸಮಯದಲ್ಲಿ ಗ್ಯಾಸ್ ಮುಗಿದು, ಮನೆಯವರು ಕಿಟಕಿ ಮುಚ್ಚಿದ ಕೋಣೆಯಲ್ಲೇ ಮೂರು ಕಲ್ಲು ಹೂಡಿ, ತೆಂಗಿನ ಗರಿ ಮತ್ತು ಹಸಿ ಸೌದೆ ಉರಿಸಿ ಅಡುಗೆ ಮಾಡಿದರು. ಎರಡನೇ ದಿನ ರಾತ್ರಿ ಅಜ್ಜಿಗೆ ಉಬ್ಬಸ ಏರಿ, ಮಾತನಾಡಲೂ ಆಗದ ಸ್ಥಿತಿಯಲ್ಲಿ ಕರೆತಂದರು. ಆಮ್ಲಜನಕ ಕೊಟ್ಟು, ಔಷಧ ಎಳೆಸಿ ಉಳಿಸಿಕೊಂಡೆವು.

ಎರಡನೆಯವರು ಮೂವತ್ತೈದರ ಗೃಹಿಣಿ. ಬಂದ್ ಘೋಷಣೆಯಾದಾಗ ‘ಇರಲಿ’ ಎಂದು ನೆಂಟರ ಮನೆಯಿಂದ ಒಂದು ಸಿಲಿಂಡರನ್ನು ಬೈಕಿನಲ್ಲಿ ಅಡ್ಡಹಾಕಿ ತಂದಿದ್ದರು. ಅದು ಅಲ್ಲಿ ವರ್ಷಕ್ಕೂ ಹೆಚ್ಚು ಕಾಲ ಮೂಲೆಯಲ್ಲಿ ಬಿದ್ದಿತ್ತು. ಮನೆಯ ಗ್ಯಾಸ್ ರಾತ್ರಿ ಮುಗಿಯಿತು. ಆಗಲೇ ಅದನ್ನು ಜೋಡಿಸಿ ಮಲಗಿದರು. ವಾಲ್ವಿನ ಒಳಗಿನ ಪುಟ್ಟ ರಬ್ಬರ್ ಉಂಗುರ ಸವೆದಿತ್ತೆಂದು ಗೊತ್ತಾಗಿದ್ದು ಆಮೇಲೆ. ಅವರಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಬೆಳಗ್ಗೆ ಎದ್ದು ಕಾಫಿಗೆಂದು ಒಲೆ ಹಚ್ಚಿದರು. ಮುಖ, ಎರಡೂ ಕೈ ಸುಟ್ಟವು. ಮನೆಯವರು ಗಾಬರಿಯಲ್ಲಿ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಿ, ಎರಡು ಗಂಟೆ ತಡವಾಗಿ ಕರೆತಂದರು. ಇಂದು ಅವರು ಬದುಕಿದ್ದಾರೆ. ಆದರೆ ಬಲಗೈಯ ಬೆರಳುಗಳು ಪೂರ್ತಿ ಮಡಚುವುದಿಲ್ಲ. ರಾಗಿಮುದ್ದೆ ಕಟ್ಟುವುದು ಅವರಿಂದ ಆಗುತ್ತಿಲ್ಲ.

ಮೊದಲ ಮನೆಯವರು ಮುನ್ನೆಚ್ಚರಿಕೆಯನ್ನೇ ಮಾಡಲಿಲ್ಲ. ಎರಡನೇ ಮನೆಯವರು ಮುನ್ನೆಚ್ಚರಿಕೆಯಿಂದಲೇ ಕಷ್ಟಕ್ಕೆ ಸಿಕ್ಕಿದರು. ಮನೆಯಲ್ಲಿ ಇಡುವ ಹೆಚ್ಚುವರಿ ಸಿಲಿಂಡರ್ ಒಂದು ಔಷಧಿ ಇದ್ದಂತೆ. ಔಷಧಿಗೆ ಪ್ರಮಾಣವಿದೆ, ಅವಧಿಯಿದೆ, ಇಡುವ ಜಾಗವಿದೆ, ಕೊಡುವ ಕ್ರಮವಿದೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಅದು ವಿಷ.

ನಮ್ಮ ಜಿಲ್ಲೆಯ ಆಪತ್ತು ಎಂಥದ್ದು?

ಆಪತ್ಕಾಲ ಎಂದೊಡನೆ ಭೂಕಂಪ, ಚಂಡಮಾರುತಗಳನ್ನು ಊಹಿಸಬೇಕಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಆಪತ್ತು ಎಂದರೆ ಬಹುಮಟ್ಟಿಗೆ ರಸ್ತೆ ನಿಲ್ಲುವುದು. 1991ರ ಡಿಸೆಂಬರ್‌ನ ಕಾವೇರಿ ಗಲಭೆ ಹಿರಿಯರ ನೆನಪಿನಲ್ಲಿದೆ. 2002, 2012 ಮತ್ತು 2016ರಲ್ಲಿ ಮತ್ತೆ ಹೋರಾಟ ನಡೆಯಿತು. 2023ರ ಸೆಪ್ಟೆಂಬರ್ 23ರಂದು ಮಂಡ್ಯ ಬಂದ್, ಅದೇ ತಿಂಗಳ 29ರಂದು ಕರ್ನಾಟಕ ಬಂದ್ ಆಯಿತು. ಮಂಡ್ಯದ ಸಂಜಯ ವೃತ್ತದಲ್ಲಿ ಜನ ಕುಳಿತರೆ ಹೆದ್ದಾರಿಯೇ ನಿಲ್ಲುತ್ತದೆ. ಹೆದ್ದಾರಿ ನಿಂತರೆ ಸಿಲಿಂಡರ್ ತುಂಬಿದ ಲಾರಿಯೂ ನಿಲ್ಲುತ್ತದೆ. ಹೋರಾಟದ ನ್ಯಾಯ ಅನ್ಯಾಯ ಈ ಅಂಕಣದ ವಿಷಯವಲ್ಲ. ಅಂಥ ದಿನಗಳಲ್ಲೂ ಮನೆಯಲ್ಲಿ ಒಲೆ ಉರಿಯಬೇಕು ಎಂಬುದಷ್ಟೇ ನನ್ನ ವಿಷಯ.

ಬಂದ್ ಅಲ್ಲದೆ ಬೇರೆ ಕಾರಣಗಳೂ ಇವೆ. 2018ರ ಜುಲೈನಲ್ಲಿ ದೇಶದಾದ್ಯಂತ ಲಾರಿ ಮುಷ್ಕರ ನಡೆಯಿತು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ ಮಳೆ ನೀರು ಹರಿದು ವಾಹನಗಳು ನಿಂತವು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಅಡುಗೆ ಅನಿಲ ಅಗತ್ಯ ವಸ್ತುವೆಂದು ಅದರ ಸರಬರಾಜನ್ನು ನಿಲ್ಲಿಸಲಿಲ್ಲ. ಆದರೆ ಎಲ್ಲರೂ ಹೆದರಿ ಒಟ್ಟಿಗೆ ಬುಕ್ ಮಾಡಿದರು.

ಇವುಗಳಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇಂಥ ಅಡಚಣೆಗಳು ಸಾಮಾನ್ಯವಾಗಿ ಕೆಲವು ದಿನಗಳವು, ತಿಂಗಳುಗಟ್ಟಲೆಯವಲ್ಲ. ನಿಮ್ಮ ಸಿದ್ಧತೆಯೂ ಅದಕ್ಕೆ ತಕ್ಕಷ್ಟೇ ಇರಬೇಕು.

ಪ್ರಮಾಣ: ಎಷ್ಟು ಬೇಕು?

ಮನೆಬಳಕೆಯ ದೊಡ್ಡ ಸಿಲಿಂಡರಿನಲ್ಲಿ 14.2 ಕೆಜಿ ಅನಿಲ ಇರುತ್ತದೆ. ಐದು ಜನರ ಮನೆಯಲ್ಲಿ ಅದು 35 ದಿನ ಬಂದರೆ ದಿನಕ್ಕೆ ಸುಮಾರು 400 ಗ್ರಾಂ ಖರ್ಚಾಯಿತು. ಏಳು ದಿನ ರಸ್ತೆ ಬಂದಾದರೂ ನಿಮಗೆ ಬೇಕಾಗುವುದು 2.8 ಕೆಜಿ, ಅಂದರೆ ಮೂರು ಕೆಜಿಗೂ ಕಡಿಮೆ. ಒಂದು ತುಂಬಿದ ಸಿಲಿಂಡರ್ ಪಕ್ಕದಲ್ಲಿದ್ದರೆ ಒಂದು ತಿಂಗಳ ನಿಶ್ಚಿಂತೆ. ಮೂರನೆಯದು ನಿಶ್ಚಿಂತೆಯನ್ನು ಹೆಚ್ಚಿಸುವುದಿಲ್ಲ, ಅಪಾಯವನ್ನು ಹೆಚ್ಚಿಸುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ನಿಮ್ಮ ಮನೆಯ ಲೆಕ್ಕ ನಿಮಗೆ ಗೊತ್ತಿದೆಯೇ? ಬಹಳ ಮನೆಗಳಲ್ಲಿ ಗೊತ್ತಿರುವುದಿಲ್ಲ. ಸಿಲಿಂಡರ್ ಜೋಡಿಸಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ಮುಗಿದ ದಿನ ಇನ್ನೊಂದು ಗುರುತು. ಮೂರು ಬಾರಿ ಹೀಗೆ ಮಾಡಿದರೆ ನಿಮ್ಮ ಮನೆಯ ಸರಾಸರಿ ತಾನಾಗಿಯೇ ತಿಳಿಯುತ್ತದೆ. ನಡುವೆ ಎಷ್ಟು ಉಳಿದಿದೆ ಎಂದು ನೋಡಲು ಸಿಲಿಂಡರಿನ ಮೈಯನ್ನು ಒದ್ದೆ ಬಟ್ಟೆಯಿಂದ ಒಂದೇ ಸಮನಾಗಿ ಒರೆಸಿ. ಖಾಲಿ ಇರುವ ಮೇಲ್ಭಾಗ ಬೇಗ ಒಣಗುತ್ತದೆ. ದ್ರವ ಇರುವ ಕೆಳಭಾಗ ತಂಪಾಗಿದ್ದು ತಡವಾಗಿ ಒಣಗುತ್ತದೆ. ಆ ಗೆರೆಯೇ ಉಳಿದ ಅನಿಲದ ಮಟ್ಟ.

ಎರಡು ಸಿಲಿಂಡರ್‌ಗಳ ಸಂಪರ್ಕ ಇರುವವರಿಗೆ ನಿಯಮ ಸುಲಭ. ಮೊದಲನೆಯದು ಮುಗಿದು ಎರಡನೆಯದನ್ನು ಜೋಡಿಸಿದ ದಿನವೇ ಬುಕ್ ಮಾಡಿ. ‘ಇನ್ನೂ ಒಂದು ತಿಂಗಳು ಇದೆಯಲ್ಲ’ ಎಂದು ಬಿಟ್ಟರೆ ನಿಮ್ಮ ಬಳಿ ಇರುವುದು ಒಂದೇ ಸಿಲಿಂಡರ್.

ಒಂದೇ ಸಿಲಿಂಡರ್ ಇರುವವರು ಏನು ಮಾಡಬೇಕು? ಮೂರರಲ್ಲಿ ಎರಡು ಪಾಲು ದಿನ ಕಳೆದೊಡನೆ, ಅಂದರೆ 35 ದಿನದ ಲೆಕ್ಕದಲ್ಲಿ 23ನೇ ದಿನಕ್ಕೆ, ಬುಕ್ ಮಾಡಿ. ಸಾಧ್ಯವಿದ್ದರೆ ಗ್ಯಾಸ್ ಏಜೆನ್ಸಿಯಲ್ಲೇ ದೊರೆಯುವ 5 ಕೆಜಿಯ ಸಣ್ಣ ಸಿಲಿಂಡರನ್ನು ತೆಗೆದುಕೊಳ್ಳಿ. ದಿನಕ್ಕೆ 400 ಗ್ರಾಂ ಲೆಕ್ಕದಲ್ಲಿ ಅದು ಹನ್ನೆರಡು ದಿನ ಬರುತ್ತದೆ. ಆದರೆ ಅಂಗಡಿಗಳಲ್ಲಿ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಸುರಿದು ತುಂಬಿಸಿಕೊಡುವುದನ್ನು ಮಾತ್ರ ಎಂದಿಗೂ ಕೊಳ್ಳಬೇಡಿ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಅವಧಿ: ತೆಗೆದುಕೊಳ್ಳುವಾಗ ನೋಡಬೇಕಾದದ್ದು

ಔಷಧಿಯ ಡಬ್ಬಿಯ ಮೇಲೆ ದಿನಾಂಕ ನೋಡುವಂತೆ ಸಿಲಿಂಡರಿನ ಮೇಲೂ ನೋಡಬೇಕು. ಹಿಡಿಯ ಕೆಳಗಿನ ಪಟ್ಟಿಗಳ ಒಳಮುಖದಲ್ಲಿ ಇಂಗ್ಲಿಷಿನ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು, ಅದರ ಪಕ್ಕದಲ್ಲಿ ಎರಡು ಅಂಕಿ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈನಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ವರ್ಷವನ್ನು ಸೂಚಿಸುತ್ತದೆ. ‘ಸಿ 30’ ಎಂದಿದ್ದರೆ 2030ರ ಸೆಪ್ಟೆಂಬರ್ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕು ಎಂದರ್ಥ. ಒಳಗಿನ ಅನಿಲ ಕೆಡುವುದಿಲ್ಲ. ಈ ಅವಧಿ ಉಕ್ಕಿನ ಪಾತ್ರೆಗೆ ಸಂಬಂಧಿಸಿದ್ದು. ಅವಧಿ ಮುಗಿದಿದ್ದರೆ ತೆಗೆದುಕೊಳ್ಳಬೇಡಿ, ಬದಲಿಸಿ ಕೊಡಲು ಹೇಳಿ.

ಅದೇ ಪಟ್ಟಿಯ ಮೇಲೆ ಖಾಲಿ ಸಿಲಿಂಡರಿನ ತೂಕವೂ ಇರುತ್ತದೆ. ಅದಕ್ಕೆ 14.2 ಸೇರಿಸಿದರೆ ತುಂಬಿದ ತೂಕ. ಖಾಲಿ ತೂಕ 15.4 ಎಂದಿದ್ದರೆ ತಕ್ಕಡಿ 29.6 ಕೆಜಿ ತೋರಿಸಬೇಕು. ಸಿಲಿಂಡರ್ ತರುವವರ ಬಳಿ ತಕ್ಕಡಿ ಇರಬೇಕು. ತೂಗಿಸಿ ನೋಡುವುದು ನಿಮ್ಮ ಹಕ್ಕು, ಅದಕ್ಕೆ ಸಂಕೋಚ ಬೇಡ.

ಮೂರನೆಯದಾಗಿ, ಸೀಲ್ ಒಡೆಸಿ, ವಾಲ್ವಿನ ಒಳಗೆ ರಬ್ಬರ್ ಉಂಗುರ ಸರಿಯಾಗಿದೆಯೇ, ಸೋರಿಕೆ ಇದೆಯೇ ಎಂದು ತಂದವರಿಂದಲೇ ಪರೀಕ್ಷೆ ಮಾಡಿಸಿ. ಆಮೇಲೆ ದಾರವಿರುವ ಪ್ಲಾಸ್ಟಿಕ್ ಮುಚ್ಚಳವನ್ನು ಮತ್ತೆ ಹಾಕಿಡಿ. ಹೆಚ್ಚುವರಿ ಸಿಲಿಂಡರ್ ಬಳಕೆಗೆ ಬರುವುದು ಒಂದು ತಿಂಗಳ ನಂತರ. ಬಹುಶಃ ರಾತ್ರಿ, ಬಹುಶಃ ಬಂದ್ ದಿನ. ಆಗ ತೊಂದರೆ ಕಂಡರೆ ಸಹಾಯಕ್ಕೆ ಯಾರೂ ಇರುವುದಿಲ್ಲ. ನಾನು ಹೇಳಿದ ಗೃಹಿಣಿಯ ಮನೆಯಲ್ಲಿ ಈ ಒಂದು ಪರೀಕ್ಷೆ ಮೊದಲೇ ನಡೆದಿದ್ದರೆ ಅವರ ಕೈ ಉಳಿಯುತ್ತಿತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೋಗಬಾರದಲ್ಲವೇ?

ಒಲೆಗೆ ಗ್ಯಾಸ್ ಒಯ್ಯುವ ರಬ್ಬರ್ ಪೈಪಿಗೂ ಅವಧಿಯಿದೆ. ಐಎಸ್‌ಐ ಮುದ್ರೆಯ ಸುರಕ್ಷಾ ಪೈಪನ್ನೇ ಬಳಸಿ, ಐದು ವರ್ಷಕ್ಕೊಮ್ಮೆ ಬದಲಿಸಿ. ಬಿರುಕು ಬಿಟ್ಟಿದ್ದರೆ, ಇಲಿ ಕಡಿದಿದ್ದರೆ ಅಂದೇ ಬದಲಿಸಿ.

ಜಾಗ: ಎಲ್ಲಿ ಇಡಬೇಕು?

ಅಡುಗೆ ಅನಿಲ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಒತ್ತಡದಿಂದ ಅದನ್ನು ದ್ರವ ಮಾಡಿ ಸಿಲಿಂಡರಿಗೆ ತುಂಬಿರುತ್ತಾರೆ. ಹೊರಬಂದಾಗ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗಿ ಹರಡುತ್ತದೆ. ಗಾಳಿಯ ನೂರು ಪಾಲಿನಲ್ಲಿ ಇದು ಎರಡು ಪಾಲು ಬೆರೆತರೂ ಸಾಕು, ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯನ್ನು ಈ ಮಟ್ಟಕ್ಕೆ ತರಲು ಸುಮಾರು ಒಂದೂಕಾಲು ಕೆಜಿ ಅನಿಲ ಸಾಕು. ಒಂದು ಸಿಲಿಂಡರಿನಲ್ಲಿ ಅದರ ಹತ್ತರಷ್ಟಕ್ಕೂ ಹೆಚ್ಚು ಇದೆ.

ಅಷ್ಟೇ ಅಲ್ಲ. ಈ ಅನಿಲ ಗಾಳಿಗಿಂತ ಭಾರ. ಹೊಗೆಯಂತೆ ಮೇಲೇರಿ ಹೋಗುವುದಿಲ್ಲ. ನೀರಿನಂತೆ ತಗ್ಗಿಗೆ ಹರಿದು ಅಲ್ಲೇ ನಿಲ್ಲುತ್ತದೆ. ನಮ್ಮ ಹಿರಿಯರಿಗೆ ರಾಗಿ ತುಂಬಿಡುವ ಹಗೇವಿನ ಅನುಭವವಿತ್ತು. ಹಗೇವಿನ ಬಾಯಿ ತೆಗೆದೊಡನೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ತಳದಲ್ಲಿ ನಿಂತಿರುತ್ತದೆ ಎಂದು ಅವರಿಗೆ ಗೊತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಹಗೇವಿನ ಗಾಳಿ ಬೇರೆ, ಅಡುಗೆ ಅನಿಲ ಬೇರೆ. ಆದರೆ ತಳದಲ್ಲಿ ನಿಲ್ಲುವ ಗುಣ ಎರಡಕ್ಕೂ ಒಂದೇ. ಗ್ಯಾಸಿನ ವಿಷಯದಲ್ಲಿ ಮಾತ್ರ ದೀಪ ಹಿಡಿದು ಪರೀಕ್ಷೆ ಮಾಡಿದರೆ ದೀಪದ ಜೊತೆಗೆ ನಾವೂ ಹೋಗುತ್ತೇವೆ.

ಆದ್ದರಿಂದ ಮೆಟ್ಟಿಲ ಕೆಳಗಿನ ಗೂಡು, ಬಾಗಿಲು ಹಾಕಿದ ಕಪಾಟು, ಮಂಚದ ಕೆಳಭಾಗ, ನೀರಿನ ಸಂಪು ಅಥವಾ ಚರಂಡಿಯ ಬಾಯಿಯ ಪಕ್ಕ, ನೆಲಮಾಳಿಗೆ, ಇವು ಯಾವುವೂ ಸಿಲಿಂಡರಿಗೆ ಸರಿಯಾದ ಜಾಗವಲ್ಲ. ನೆಲಮಟ್ಟದಲ್ಲಿ ಗಾಳಿ ಹೊರಹೋಗುವಂಥ, ನೆರಳಿರುವ ಜಾಗ ಬೇಕು. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಮುಚ್ಚಳ ಹಾಕಿರಬೇಕು. ಫ್ರಿಜ್, ಸ್ವಿಚ್ ಬೋರ್ಡ್, ಸೌದೆ ಒಲೆ, ದೇವರ ದೀಪ ಇವುಗಳಿಂದ ದೂರವಿರಬೇಕು. ಬಿಸಿಲಿನಲ್ಲಿ ಇಟ್ಟರೆ ಒಳಗಿನ ಒತ್ತಡ ಏರುತ್ತದೆ. ಒಲೆ ಎತ್ತರದ ಕಟ್ಟೆಯ ಮೇಲಿರಲಿ, ಸಿಲಿಂಡರ್ ಅದಕ್ಕಿಂತ ಕೆಳಗೆ ನೆಲದ ಮೇಲಿರಲಿ.

ಗ್ಯಾಸ್ ಮುಗಿಯುತ್ತಾ ಬಂದಾಗ ಕೆಲವರು ಸಿಲಿಂಡರನ್ನು ಅಡ್ಡ ಮಲಗಿಸುತ್ತಾರೆ, ತಲೆಕೆಳಗು ಮಾಡುತ್ತಾರೆ, ಬಿಸಿನೀರಿನಲ್ಲಿ ನಿಲ್ಲಿಸುತ್ತಾರೆ. ಒಂದು ಹೊತ್ತಿನ ಸಾರಿಗಾಗಿ ಇಷ್ಟು ಅಪಾಯ ಬೇಡ. ಅಡ್ಡ ಮಲಗಿಸಿದರೆ ಅನಿಲದ ಬದಲು ದ್ರವವೇ ಪೈಪಿಗೆ ನುಗ್ಗಿ ಜ್ವಾಲೆ ಆಳೆತ್ತರಕ್ಕೆ ಏಳಬಹುದು.

ಮೂಗನ್ನು ಎಷ್ಟು ನಂಬಬಹುದು?

ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬೇಕು. ಸೋರಿಕೆ ತಿಳಿಯಲೆಂದು ಮರ್ಕ್ಯಾಪ್ಟನ್ ಎಂಬ ಕೆಟ್ಟ ವಾಸನೆಯ ರಾಸಾಯನಿಕವನ್ನು ಸೇರಿಸಿರುತ್ತಾರೆ. ಆದರೆ ವಾಸನೆ ಹಿಡಿಯಲು ಮೂಗು ಸರಿಯಾಗಿರಬೇಕಲ್ಲ? ನೆಗಡಿ, ಸೈನಸ್ ತೊಂದರೆ ಇದ್ದವರಿಗೆ ವಾಸನೆ ತಿಳಿಯುವುದಿಲ್ಲ. ವಯಸ್ಸಾದಂತೆ ಈ ಶಕ್ತಿ ಕುಂದುತ್ತದೆ. ಕೋವಿಡ್ ಬಂದುಹೋದ ಕೆಲವರಿಗೆ ಅದು ಪೂರ್ತಿ ಮರಳಿಲ್ಲ. ಜೊತೆಗೆ, ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಕೊಳ್ಳುತ್ತದೆ. ಮಕ್ಕಳು ಬೆಂಗಳೂರಿನಲ್ಲಿದ್ದು, ಹಿರಿಯರು ಮಾತ್ರ ಊರಿನಲ್ಲಿರುವ ಮನೆಗಳು ನಮ್ಮಲ್ಲಿ ಬಹಳ. ಅಂಥ ಮನೆಗಳವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಮೂಗಿಗಿಂತ ನಂಬಬಹುದಾದ ಪರೀಕ್ಷೆ ಸೋಪಿನ ನೀರು. ಸಿಲಿಂಡರ್ ಜೋಡಿಸಿದ ಮೇಲೆ ರೆಗ್ಯುಲೇಟರ್ ಕೂರುವ ಜಾಗಕ್ಕೆ, ಪೈಪಿನ ಎರಡೂ ತುದಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡುವುದು ಪರೀಕ್ಷೆಯಲ್ಲ, ಆತ್ಮಹತ್ಯೆ. ಜೋಡಿಸುವ ಕೆಲಸವನ್ನು ಹಗಲು ಹೊತ್ತಿನಲ್ಲಿ, ಕಿಟಕಿ ಬಾಗಿಲು ತೆರೆದು, ಹತ್ತಿರದ ದೀಪ ಊದುಬತ್ತಿ ಆರಿಸಿ ಮಾಡಿ. ರಾತ್ರಿ ಮಲಗುವ ಮುನ್ನ ಒಲೆಯ ಗುಂಡಿಯನ್ನಷ್ಟೇ ಅಲ್ಲ, ರೆಗ್ಯುಲೇಟರನ್ನೂ ಬಂದ್ ಮಾಡಿ.

ಸೋರಿಕೆ ಕಂಡರೆ ಹೀಗೆ ಮಾಡಿ:

1. ಉರಿಯುವ ದೀಪ, ಒಲೆ, ಊದುಬತ್ತಿ ಇದ್ದರೆ ಆರಿಸಿ.

2. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕಲೂ ಬೇಡಿ, ಆರಿಸಲೂ ಬೇಡಿ. ಎರಡರಲ್ಲೂ ಕಿಡಿ ಹಾರುತ್ತದೆ. ಫ್ಯಾನ್ ಹಾಕಿ ಗ್ಯಾಸ್ ಓಡಿಸುತ್ತೇನೆ ಎನ್ನುವುದು ದೊಡ್ಡ ತಪ್ಪು.

3. ರೆಗ್ಯುಲೇಟರ್ ಬಂದ್ ಮಾಡಿ, ತೆಗೆದು, ಮುಚ್ಚಳ ಹಾಕಿ.

4. ಬಾಗಿಲು ಕಿಟಕಿಗಳನ್ನು ತೆರೆದು ಎಲ್ಲರೂ ಹೊರಗೆ ಬನ್ನಿ. ಮಕ್ಕಳು, ಹಿರಿಯರು ಮೊದಲು.

5. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಇದು ಗ್ಯಾಸ್ ಸೋರಿಕೆಗೆಂದೇ ದಿನದ 24 ಗಂಟೆಯೂ ಇರುವ ಸಂಖ್ಯೆ. ಬೆಂಕಿ ಹತ್ತಿದ್ದರೆ 112ಕ್ಕೆ ಮಾಡಿ. ಫೋನನ್ನು ಮನೆಯೊಳಗೆ ಬಳಸಬೇಡಿ.

ಈ ಎರಡು ಸಂಖ್ಯೆಗಳನ್ನು ಅಡುಗೆಮನೆಯ ಬಾಗಿಲ ಹೊರಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ಗಾಬರಿಯಲ್ಲಿ ಯಾರಿಗೂ ಸಂಖ್ಯೆ ನೆನಪಾಗುವುದಿಲ್ಲ.

ಕ್ರಮ: ಕಡಿಮೆ ಗ್ಯಾಸಿನಲ್ಲಿ ದಿನ ದೂಡುವುದು

ರಸ್ತೆ ಬಂದಾಗಿದೆ, ಗ್ಯಾಸ್ ಅರ್ಧ ಕಡಿಮೆ ಇದೆ ಎಂದುಕೊಳ್ಳಿ. ಮೊದಲ ಹಕ್ಕು ಯಾರದು? ಹಸುಗೂಸಿನದು, ರೋಗಿಯದು, ಗರ್ಭಿಣಿಯದು. ಮಗುವಿನ ಗಂಜಿ, ಹಾಲು, ಕುಡಿಯುವ ನೀರು ಮೊದಲು; ಸ್ನಾನದ ನೀರು ಕೊನೆಗೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಡುವಂತಿಲ್ಲ. ಅವರಿಗಾಗಿ ಅವಲಕ್ಕಿ, ಹುರಿಹಿಟ್ಟಿನಂಥ, ಒಲೆ ಹಚ್ಚದೆ ತಿನ್ನಬಹುದಾದ ಪದಾರ್ಥ ಮನೆಯಲ್ಲಿರಲಿ.

ಕುಡಿಯುವ ನೀರನ್ನು ಹದಿನೈದು ಇಪ್ಪತ್ತು ನಿಮಿಷ ಕುದಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ಅಷ್ಟು ಬೇಕಿಲ್ಲ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಮುಚ್ಚಿಟ್ಟು ಆರಿಸಿ, ಅದೇ ಪಾತ್ರೆಯಿಂದ ಬಗ್ಗಿಸಿ ಬಳಸಿ. ಅವರೆ, ಹುರುಳಿ, ಹೆಸರುಕಾಳನ್ನು ರಾತ್ರಿಯೇ ನೆನೆಹಾಕಿ. ಕುಕ್ಕರ್ ಬಳಸಿ, ಕೂಗಿದ ಮೇಲೆ ಉರಿ ತಗ್ಗಿಸಿ. ಪಾತ್ರೆಗೆ ತಟ್ಟೆ ಮುಚ್ಚಿ. ಉಪ್ಪೆಸರು, ಬಸ್ಸಾರಿಗೆ ಕಾಳು ಸೊಪ್ಪು ಒಟ್ಟಿಗೆ ಬೇಯುತ್ತದೆ; ಒಂದು ಉರಿಯಲ್ಲಿ ಪಲ್ಯವೂ ಆಯಿತು, ಸಾರೂ ಆಯಿತು. ಬಂದ್ ದಿನಗಳಿಗೆ ನಮ್ಮ ಊರಿನ ಅಡುಗೆಯೇ ಸರಿ. ಮದ್ದೂರು ವಡೆ ಕರಿಯುವ ಆಸೆಯನ್ನು ರಸ್ತೆ ತೆರೆಯುವ ತನಕ ಮುಂದೂಡಿ.

ಗ್ಯಾಸ್ ಪೂರ್ತಿ ಮುಗಿದರೆ? ಕರೆಂಟ್ ಇದ್ದಾಗ ಇಂಡಕ್ಷನ್ ಒಲೆ ಒಳ್ಳೆಯ ಎರಡನೇ ದಾರಿ. ಸೌದೆಯೇ ಗತಿಯಾದರೆ ಹಿತ್ತಿಲಿನಲ್ಲಿ ಅಥವಾ ಗಾಳಿಯಾಡುವ ಜಗುಲಿಯಲ್ಲಿ ಒಲೆ ಹೂಡಿ, ಒಣ ಸೌದೆ ಬಳಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ‘ಅಸ್ತ್ರ ಒಲೆ’ಯಂಥ ಹೊಗೆ ಕೊಳವೆಯ ಒಲೆ ಕೆಲವು ಮನೆಗಳಲ್ಲಿ ಇನ್ನೂ ಇರಬಹುದು. ಇದ್ದರೆ ಕೊಳವೆಯ ಮಸಿ ತೆಗೆದು ಸಿದ್ಧವಾಗಿಡಿ. ಅಸ್ತಮಾ ಇರುವವರು, ಚಿಕ್ಕ ಮಕ್ಕಳು ಹೊಗೆಯಿಂದ ದೂರವಿರಲಿ. ಇನ್ಹೇಲರ್ ಖಾಲಿಯಾಗಿದೆಯೇ ಎಂದು ಬಂದ್‌ಗೆ ಮುಂಚೆಯೇ ನೋಡಿ.

ಮುಚ್ಚಿದ ಕೋಣೆಯಲ್ಲಿ ಇದ್ದಿಲು, ಹೊಟ್ಟಿನ ಒಲೆ ಉರಿಸುವುದಂತೂ ಕೂಡದು. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ತಲೆಸುತ್ತು, ಆಮೇಲೆ ಎಚ್ಚರ ತಪ್ಪುವುದು. ಒಂದೇ ಮನೆಯ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದರೆ ಇದನ್ನು ಶಂಕಿಸಿ, ಹೊರಗೆ ಗಾಳಿಗೆ ಕರೆತನ್ನಿ, ಆಸ್ಪತ್ರೆಗೆ ಒಯ್ಯಿರಿ. ಸ್ನಾನದ ಮನೆಯ ಒಳಗೆ ಗ್ಯಾಸ್ ಗೀಸರ್ ಇಡುವುದರಿಂದ ಆಗುವ ಸಾವುಗಳಿಗೂ ಇದೇ ವಿಷಾನಿಲ ಕಾರಣ. ಗೀಸರ್ ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಕಡೆ ಇರಬೇಕು.

ಸುಟ್ಟರೆ ಮೊದಲ ಇಪ್ಪತ್ತು ನಿಮಿಷ

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡಿ. ನೆಲಕ್ಕೆ ಮಲಗಿ ಹೊರಳಿ. ಪಕ್ಕದವರು ದಪ್ಪ ಹತ್ತಿಯ ಅಥವಾ ಉಣ್ಣೆಯ ಕಂಬಳಿ ಹೊದಿಸಿ ಆರಿಸಿ. ಬೆಂಕಿ ಆರಿದೊಡನೆ ಸುಟ್ಟ ಭಾಗದ ಮೇಲೆ ಸಾಧಾರಣ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಯಬಿಡಿ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ನಿಧಾನವಾಗಿ ಸುರಿಯುತ್ತಿರಿ. ಚರ್ಮದ ಆಳದಲ್ಲಿ ಉಳಿದ ಬಿಸಿ ಇನ್ನೂ ಸುಡುತ್ತಿರುತ್ತದೆ. ಅದನ್ನು ನಿಲ್ಲಿಸುವುದು ನೀರು ಮಾತ್ರ. ಐಸ್ ಬೇಡ. ಟೂತ್‌ಪೇಸ್ಟ್, ಇಂಕು, ದೋಸೆಹಿಟ್ಟು, ತುಪ್ಪ, ಅರಿಶಿನ ಯಾವುದೂ ಬೇಡ. ಇವು ಬಿಸಿಯನ್ನು ಒಳಗೇ ಹಿಡಿದಿಡುತ್ತವೆ, ಗಾಯ ನಂಜಾಗಲು ದಾರಿ ಮಾಡುತ್ತವೆ, ಗಾಯದ ಆಳ ನೋಡಲು ವೈದ್ಯರಿಗೂ ಅಡ್ಡಿಯಾಗುತ್ತವೆ.

ಊತ ಬರುವ ಮುನ್ನ ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬೇಡಿ, ಬೊಬ್ಬೆ ಒಡೆಯಬೇಡಿ. ಒಗೆದು ಒಣಗಿಸಿದ ಹತ್ತಿಯ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ. ಮಗುವಾಗಿದ್ದರೆ ಸುಟ್ಟ ಭಾಗಕ್ಕೆ ಮಾತ್ರ ನೀರು ಹಾಕಿ, ಉಳಿದ ಮೈ ಬೆಚ್ಚಗಿಡಿ.

ಯಾರನ್ನು ಆಸ್ಪತ್ರೆಗೆ ಒಯ್ಯಲೇಬೇಕು? ಮುಖ, ಕೈ, ಪಾದ, ಕೀಲು, ಗುಪ್ತಾಂಗ ಸುಟ್ಟವರನ್ನು. ರೋಗಿಯ ಅಂಗೈಗಿಂತ ಹೆಚ್ಚು ಜಾಗ ಸುಟ್ಟಿದ್ದರೆ. ಮಕ್ಕಳು ಮತ್ತು ವೃದ್ಧರನ್ನು. ಧ್ವನಿ ಗೊಗ್ಗರಾಗಿದ್ದರೆ, ಮೂಗಿನ ಕೂದಲು ಸುಟ್ಟಿದ್ದರೆ, ಕಫ ಕಪ್ಪಾಗಿದ್ದರೆ ಒಂದು ನಿಮಿಷವೂ ತಡಮಾಡಬೇಡಿ. ಹೊರಗೆ ಚೆನ್ನಾಗಿ ಕಂಡರೂ ಶ್ವಾಸನಾಳ ಕೆಲವು ಗಂಟೆಗಳಲ್ಲಿ ಊದಿಕೊಂಡು ಉಸಿರು ಕಟ್ಟಬಹುದು. 108ಕ್ಕೆ ಕರೆ ಮಾಡಿ. ಮದ್ದೂರು, ಮಳವಳ್ಳಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ. ಹೆಚ್ಚು ಸುಟ್ಟವರನ್ನು ಅಲ್ಲಿಂದ ಮುಂದೆ ಬೆಂಗಳೂರು ಅಥವಾ ಮೈಸೂರಿಗೆ ಕಳಿಸಬೇಕೇ ಎಂಬುದನ್ನು ಅಲ್ಲಿನ ವೈದ್ಯರು ತೀರ್ಮಾನಿಸುತ್ತಾರೆ. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಮರೆಯದೆ ಕೇಳಿ.

ಇನ್ನೊಂದು ಮಾತು. ಸೋರುವ ವಾಲ್ವಿನಿಂದ ದ್ರವ ಅನಿಲ ಕೈಗೆ ಚಿಮ್ಮಿದರೆ ಬೆಂಕಿಯಿಲ್ಲದೆಯೂ ಚರ್ಮ ಬೆಳ್ಳಗಾಗಿ ಮರಗಟ್ಟುತ್ತದೆ. ಅದು ಚಳಿಯಿಂದಾದ ಸುಟ್ಟಗಾಯ. ಉಜ್ಜಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿಟ್ಟು ವೈದ್ಯರಿಗೆ ತೋರಿಸಿ.

ಪತ್ರ ಬರೆದವರಿಗೆ

ನಿಮ್ಮ ಕಾಳಜಿ ಸರಿ, ಪ್ರಮಾಣ ಮತ್ತು ಜಾಗ ತಪ್ಪು. ಭಾವಮೈದನ ಸಿಲಿಂಡರನ್ನು ಅವರಿಗೇ ಹಿಂದಿರುಗಿಸಿ. ನಿಮ್ಮ ಹೆಸರಿಗೆ ಏಜೆನ್ಸಿಯಲ್ಲಿ ಎರಡು ಸಿಲಿಂಡರ್‌ಗಳ ಸಂಪರ್ಕ ಮಾಡಿಸಿಕೊಳ್ಳಿ. ನಿಮ್ಮ ವಿಳಾಸಕ್ಕೆ ನೋಂದಣಿಯಾದ ಸಂಪರ್ಕವಿದ್ದರೆ ಅಪಘಾತವಾದಾಗ ತೈಲ ಕಂಪನಿಗಳ ವಿಮೆಯನ್ನೂ ಕೇಳಬಹುದು. ಎರವಲು ಸಿಲಿಂಡರಿಗೆ ಆ ಆಸರೆ ಸಿಗುವುದು ಕಷ್ಟ. ಮೆಟ್ಟಿಲ ಕೆಳಗಿನ ಬೀಗವನ್ನು ಇಂದೇ ತೆರೆಯಿರಿ. ತೆರೆಯುವಾಗ ಹಗಲಿರಲಿ, ಮನೆಯ ಮುಂಬಾಗಿಲು ಹಿಂಬಾಗಿಲು ತೆರೆದಿರಲಿ, ಹತ್ತಿರ ಯಾವ ದೀಪವೂ ಬೇಡ, ಸ್ವಿಚ್ಚೂ ಬೇಡ. ಸಿಲಿಂಡರನ್ನು ಹೊರಗೆ ತಂದು, ಅವಧಿ ನೋಡಿ, ಏಜೆನ್ಸಿಯವರಿಂದ ವಾಲ್ವ್ ಪರೀಕ್ಷೆ ಮಾಡಿಸಿ.

ತಾಯಿಯವರ ಇನ್ಹೇಲರ್, ಮಗುವಿನ ಹಾಲು, ಕ್ಯಾಲೆಂಡರಿನ ಒಂದು ಗುರುತು, ಗಾಳಿಯಾಡುವ ಜಾಗದಲ್ಲಿ ನೆಟ್ಟಗೆ ನಿಂತ ಒಂದು ತುಂಬಿದ ಸಿಲಿಂಡರ್. ಮುಂದಿನ ಬಂದ್‌ಗೆ ನಿಮ್ಮ ಮನೆಗೆ ಇಷ್ಟು ಸಿದ್ಧತೆ ಸಾಕು.